ಶಿವಕುಮಾರಿ ಮಾಡಿದ ಅನುವಾದ

ಜರ್ಮನಿಯಿಂದ ಬಂದ ಅತಿಥಿಗಳಿಗೆ ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ತೋರಿಸುತ್ತಿದ್ದಾಗ, ಆ ತಂಡದ ಮುಖ್ಯಸ್ಥೆ ಹೈಕೆ ಶಿವಕುಮಾರಿಯ ಕೈ ಹಿಡಿದು ಕೇಳಿದಳು: "ಈಗ ನಿಮ್ಮ ಹೃದಯ ಹೇಗಿದೆ?"

ಮಲ್ಲೇಶ್ವರದ ಕಾಲೇಜಿನಲ್ಲಿ ಜರ್ಮನ್ ಕಲಿಸಿಯೇ ನಿವೃತ್ತಳಾದವಳು ಶಿವಕುಮಾರಿ. ಮಾತೇನೋ ತಿಳಿಯಿತು, ಅದರ ತಲೆಬುಡ ತಿಳಿಯಲಿಲ್ಲ. "ನನ್ನ ಹೃದಯಕ್ಕೇನಾಗಿದೆ?"

"ಹೋದ ವರ್ಷ ಕಾಯಿಲೆಯಾಗಿ ನೀವು ಬರಲಿಲ್ಲವಲ್ಲ! ವೈದ್ಯರು ವಿಮಾನ ಹತ್ತಬಾರದು ಅಂದಿದ್ದಾರೆ, ಶಿವಕುಮಾರಿ ತುಂಬ ಕ್ಷಮೆ ಕೇಳಿದ್ದಾರೆ ಅಂತ ನಿಮ್ಮ ಅಧ್ಯಕ್ಷರು ವಿಡಿಯೋ ಕಾಲಿನಲ್ಲಿ ಹೇಳಿದರು. ನಿಮಗೋಸ್ಕರ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದೆವು."

ಶಿವಕುಮಾರಿಯ ಕಿವಿ ಬಿಸಿಯಾಯಿತು. "ಈಗ ಚೆನ್ನಾಗಿದೆ" ಎಂದಷ್ಟೇ ಹೇಳಿದಳು.

ಬಸವನಗುಡಿಯ ಸ್ನೇಹಸೇವಾ ಕ್ಲಬ್ಬಿಗೂ ಜರ್ಮನಿಯ ಒಂದು ಪುಟ್ಟ ಊರಿನ ಹೈಕೆಯ ಕ್ಲಬ್ಬಿಗೂ ಒಂದು ಒಪ್ಪಂದವಿತ್ತು. ಒಂದು ವರ್ಷ ಇವರು ಅಲ್ಲಿಗೆ, ಮರುವರ್ಷ ಅವರು ಇಲ್ಲಿಗೆ. ಹೋದ ವರ್ಷ ಹೊರಟ ತಂಡಕ್ಕೆ ಶಿವಕುಮಾರಿಯೇ ನಾಯಕಿ ಎಂದಾಗಿತ್ತು. ಅಷ್ಟು ವರ್ಷ ಆ ದೇಶದ ಭಾಷೆ ಕಲಿಸಿದರೂ ಅಲ್ಲಿನ ನೆಲ ತುಳಿದವಳಲ್ಲ. ಸ್ವೆಟರ್ ಕೊಂಡು, ವೀಸಾ ಮಾಡಿಸಿಕೊಂಡು ಕುಣಿಯುತ್ತಿದ್ದಳು. ಆಗ ಅಧ್ಯಕ್ಷ ನಾಗಭೂಷಣ್ ಮನೆಗೇ ಬಂದಿದ್ದರು. "ಏನ್ ಹೇಳ್ಲಿ ಮೇಡಂ, ಅವರು ನಾಯಕರ ಸೀಟನ್ನೇ ಕ್ಯಾನ್ಸಲ್ ಮಾಡ್ಬಿಟ್ಟಿದಾರೆ. ನಂಗೂ ಹೊಟ್ಟೆ ಉರೀತಿದೆ." ಆಮೇಲೆ ಅವರ ಹೆಂಡತಿ ಮಧುರಾ ಹೊರಟಾಗ, ಅದು ಮಹಿಳಾ ವಿಭಾಗದ ಬೇರೆ ಸೀಟು ಎಂದರು. ಶಿವಕುಮಾರಿ ನಂಬಿದಳು. ಮಧುರಾಳನ್ನು ಕೂರಿಸಿಕೊಂಡು ನಮಸ್ಕಾರ, ಧನ್ಯವಾದ, ಊಟ ರುಚಿಯಾಗಿತ್ತು ಎನ್ನುವುದನ್ನೆಲ್ಲ ಉರು ಹೊಡೆಸಿದಳು. ಹೊಸ ಸ್ವೆಟರನ್ನೂ ಅವಳಿಗೇ ಕೊಟ್ಟಿದ್ದಳು.

ಹೈಕೆಯ ಮಾತು ಕೇಳಿದ ಆ ಮಧ್ಯಾಹ್ನ ಶಿವಕುಮಾರಿ ಅರ್ಧ ಊಟಕ್ಕೇ ಎದ್ದುಬಿಟ್ಟಳು. ಸಂಜೆ ಸ್ವಾಗತ ಸಮಾರಂಭ. ನವೆಂಬರ್ ತಿಂಗಳಾದ್ದರಿಂದ ನಾಗಭೂಷಣ್‌ಗೆ ರಾಜ್ಯೋತ್ಸವದ ಹುರುಪು. "ನಾನು ಕನ್ನಡದಲ್ಲೇ ಮಾತಾಡ್ತೀನಿ. ನೀವು ನೇರವಾಗಿ ಜರ್ಮನ್‌ಗೆ ಹೇಳಿ ಮೇಡಂ, ಮಧ್ಯೆ ಇಂಗ್ಲಿಷೇ ಬೇಡ" ಎಂದು ಮೊದಲೇ ಹೇಳಿಟ್ಟಿದ್ದರು. ಕ್ಲಬ್ಬಿನಲ್ಲಿ ಅವಳನ್ನು ಬಿಟ್ಟು ಬೇರೆ ಯಾರಿಗೂ ಆ ಭಾಷೆ ಬಾರದು. ಉರು ಹೊಡೆದದ್ದನ್ನು ಮಧುರಾ ಎಂದೋ ಮರೆತಿದ್ದಳು. ಬೇಡ ಎನ್ನಲು ಶಿವಕುಮಾರಿಗೆ ಮಧ್ಯಾಹ್ನವೆಲ್ಲ ಸಮಯವಿತ್ತು. ಅವಳು ಬೇಡ ಎನ್ನಲಿಲ್ಲ. ಒಳ್ಳೆಯ ಸೀರೆ ಉಟ್ಟು ಬಂದಳು.

ಸಭಾಂಗಣ ತುಂಬಿತ್ತು. ಪೇಟ ತೊಟ್ಟ ನಾಗಭೂಷಣ್ ಮೈಕಿನ ಮುಂದೆ ನಿಂತು, "ಕನ್ನಡಿಗರ ಹೃದಯ ವಿಶಾಲವಾದದ್ದು" ಎಂದು ಶುರುಮಾಡಿದರು.

ಶಿವಕುಮಾರಿ ಪಕ್ಕದ ಮೈಕಿನಲ್ಲಿ ಜರ್ಮನ್‌ನಲ್ಲಿ ಹೇಳಿದಳು: "ನಾನಿವತ್ತು ನಿಮ್ಮಲ್ಲಿ ಕ್ಷಮೆ ಕೇಳಬೇಕು."

"ಅತಿಥಿಗಳು ನಮಗೆ ದೇವರ ಸಮಾನ."

"ಶಿವಕುಮಾರಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ."

"ಸತ್ಯ, ಸೇವೆ, ಸ್ನೇಹ, ಇದೇ ನಮ್ಮ ಕ್ಲಬ್ಬಿನ ಉಸಿರು."

"ಅವರ ಜಾಗದಲ್ಲಿ ನನ್ನ ಹೆಂಡತಿಯನ್ನು ಕಳಿಸಿದೆ. ಅದು ನಾಚಿಕೆಗೇಡಿನ ಕೆಲಸ."

ಒಂದೊಂದು ವಾಕ್ಯಕ್ಕೂ ಎದೆಯಿಂದೊಂದು ಮುಳ್ಳು ಕಿತ್ತಂತಾಗಿ, ಇನ್ನಷ್ಟು ಮಾತಾಡಲಿ ಈ ಮನುಷ್ಯ ಎಂದುಕೊಂಡಳು. ಅತಿಥಿಗಳು ಮುಖ ಮುಖ ನೋಡಿಕೊಂಡರು. ಭಾಷಣ ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಗಭೂಷಣ್ ಎದೆಯ ಮೇಲೆ ಕೈಯಿಟ್ಟು ಬಾಗಿದರು.

ಹೈಕೆ ವೇದಿಕೆ ಹತ್ತಿ ಅವರನ್ನು ಅಪ್ಪಿಕೊಂಡಳು. ಮೈಕು ತೆಗೆದುಕೊಂಡು, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದಳು: "ಶಿವಕುಮಾರಿಗೆ ಕಾಯಿಲೆ ಎಂದು ಸುಳ್ಳು ಹೇಳಿ ನನ್ನ ಹೆಂಡತಿಯನ್ನು ಕಳಿಸಿದೆ ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳಲು ಧೈರ್ಯ ಬೇಕು. ನಾವು ನಿಮ್ಮನ್ನು ಕ್ಷಮಿಸಿದ್ದೇವೆ."

ಸಭೆಯಲ್ಲಿದ್ದವರೆಲ್ಲ ನಾಗಭೂಷಣ್ ಕಡೆಗೆ ತಿರುಗಿದರು. ಮೊದಲ ಸಾಲಿನಲ್ಲಿದ್ದ ಮಧುರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾಗಭೂಷಣ್ ಬಾಯಿ ತೆರೆದರು. ಇಲ್ಲ ಎಂದರೆ ಹಾಗಾದರೆ ನಡೆದದ್ದೇನು ಎಂದು ಹೈಕೆಯೇ ಕೇಳುತ್ತಾಳೆ. ವಿಡಿಯೋ ಕಾಲಿನಲ್ಲಿ ಮಾತಾಡಿದ್ದು ಅವಳ ಜೊತೆಗೇ. ಕೊನೆಗೆ "ಥ್ಯಾಂಕ್ ಯೂ" ಎಂದರು. ಪೇಟದ ಅಡಿಯಿಂದ ಬೆವರು ಹಣೆಗೆ ಇಳಿದಿತ್ತು.

ವೇದಿಕೆಯ ಹಿಂದೆ ಶಿವಕುಮಾರಿಯನ್ನು ಅಡ್ಡಗಟ್ಟಿದರು. "ನಾನು ಆಡದೇ ಇರೋ ಮಾತನ್ನ ನನ್ನ ಬಾಯಿಗೆ ತುರುಕಿದ್ರಲ್ಲ! ಏನ್ ಮೇಡಂ ಇದು?"

"ಹೋದ್ವರ್ಷ ನನ್ನ ಹೆಸರಲ್ಲಿ ನೀವು ಕ್ಷಮೆ ಕೇಳಿದ್ರಿ. ಈ ವರ್ಷ ನಿಮ್ಮ ಹೆಸರಲ್ಲಿ ನಾನು ಕೇಳ್ದೆ."

"ನಿಮ್ಮನ್ನ ಕ್ಲಬ್ಬಿಂದ ತೆಗೆಸ್ತೀನಿ."

"ತೆಗೆಸಿ. ಯಾಕೆ ಅಂತ ಕೇಳೋರಿಗೆ ನೀವೇ ಉತ್ತರ ಹೇಳಿ."

ಮರುದಿನ ದೊಡ್ಡ ಬಸವಣ್ಣನ ಗುಡಿಯ ಮೆಟ್ಟಿಲಿಳಿಯುವಾಗ ಹೈಕೆ ಮೆಲ್ಲಗೆ ಕೇಳಿದಳು: "ನಿಮ್ಮ ಅಧ್ಯಕ್ಷರು ನಿಜವಾಗಿ ಹಾಗೆ ಹೇಳಿದರಾ? ಅವರ ಮುಖ ಹಾಗಿರಲಿಲ್ಲ."

ಸುಳ್ಳು ಹೇಳಲು ಶಿವಕುಮಾರಿಗೆ ಮನಸ್ಸಾಗಲಿಲ್ಲ. "ಇಲ್ಲ. ನಡೆದದ್ದು ನಿಜ, ಮಾತು ನನ್ನದು."

ಹೈಕೆಯ ಮುಖ ಸಪ್ಪಗಾಯಿತು. "ನಾನು ಅವರನ್ನು ಅಪ್ಪಿಕೊಂಡೆ. ನಿಮ್ಮ ಆಟಕ್ಕೆ ನಮ್ಮನ್ನೂ ಬಳಸಿಕೊಂಡಿರಿ ನೀವು."

"ನಿಮ್ಮ ಹತ್ತಿರ ಕ್ಷಮೆ ಕೇಳುತ್ತೇನೆ. ಅವರ ಹತ್ತಿರ ಕೇಳಲಾರೆ."

ಹೈಕೆ ಉಳಿದ ಮೆಟ್ಟಿಲುಗಳನ್ನು ಒಬ್ಬಳೇ ಇಳಿದು ಹೋದಳು. ಹೊರಡುವ ದಿನ ಎಲ್ಲರನ್ನೂ ಅಪ್ಪಿಕೊಂಡವಳು ಶಿವಕುಮಾರಿಯ ಕೈಯನ್ನಷ್ಟೇ ಕುಲುಕಿದಳು. ಅದು ನೋಯಿಸಿತು. ಆದರೆ ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಾಗಭೂಷಣ್ ಹೆಸರನ್ನು ಯಾರೂ ಸೂಚಿಸಲಿಲ್ಲವೆಂದು ಕೇಳಿದ ದಿನ ಶಿವಕುಮಾರಿ ಹೊಟ್ಟೆತುಂಬ ಉಂಡು, ಕಾಲು ಚಾಚಿ ಮಲಗಿದಳು. ಒಳ್ಳೆಯ ನಿದ್ದೆ ಬಂತು.