ವೀರಾಚಾರಿಯ ಉಳಿಯ ಹಿಡಿ

ಅಲಗಿಗೆ ಮುನ್ನೂರು, ಹಿಡಿಗೆ ಎರಡು ಸಾವಿರ. ಮರಗೆಲಸದ ಹಳೆಯ ಹತಾರಗಳನ್ನು ಕೂಡಿಡುವವರ ಲೆಕ್ಕವೇ ಹೀಗೆ. ಉಳಿಯ ಕಬ್ಬಿಣ ಯಾವ ಗುಜರಿಯಲ್ಲಾದರೂ ಸಿಗುತ್ತದೆ. ಒಬ್ಬನೇ ಜೀವಮಾನವಿಡೀ ಹಿಡಿದು, ಹೆಬ್ಬೆರಳಿನ ಗುಳಿ ಬಿದ್ದ ಮರದ ಹಿಡಿ ಸಿಗುವುದಿಲ್ಲ. ಕೆಂಪಾಪುರದಲ್ಲಿ ಮೃದಂಗ ಹೇಳಿಕೊಡುವ ಶೇಷಗಿರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಹಜಾರದ ಗೋಡೆ ತುಂಬ ಬಾಚಿ, ಬೈರಿಗೆ, ಉಜ್ಜುಗೊರಡು.

ಬಾಗಲೂರಿನ ಬಡಗಿ ವೀರಾಚಾರಿ ತೀರಿಕೊಂಡರೆಂದು ಕೇಳಿ, ವಾರ ಕಳೆಯುವ ಮೊದಲೇ ಆ ಮನೆಗೆ ಹೋದರು. ವೀರಾಚಾರಿಯ ಹೆಂಡತಿ ದ್ರೌಪದಮ್ಮ ಖಡಾಖಂಡಿತವಾಗಿ ಹೇಳಿದರು.

“ಅಲಗು ತಗಂಡೋಗಿ ಸಾಮಿ. ಇಡಿ ಮಾತ್ರ ಕೊಡಾಕಿಲ್ಲ. ಅನ್ನೊಂದ್ನೇ ದಿನ ಅದನ್ನ ಬೆಂಕಿಗೆ ಆಕ್ಬೇಕು, ನಮ್ ಮನೆ ಪದ್ಧತಿ. ಇಲ್ದಿದ್ರೆ ಸತ್ತೋರ ಕೈ ಕೆಲ್ಸ ಬಿಡಾಕಿಲ್ಲ.”

ಅವರು ಒಳಗೆ ಹೋದದ್ದೇ ತಡ, ಮಗ ಶಿವರಾಮ ಪಿಸುಗುಟ್ಟಿದ. “ನಮ್ಮಮ್ಮಂದು ಹಳೇ ಕಾಲ ಬಿಡಿ ಸಾರ್. ಬೇರೆ ಯಾವ್ದೋ ಹಿಡಿ ಸುಟ್ರಾಯ್ತು, ಗೊತ್ತಾಗಲ್ಲ.”

ಉಳಿ ಹಿಡಿಸಮೇತ ಶೇಷಗಿರಿಯ ಚೀಲ ಸೇರಿತು.

ಹನ್ನೊಂದನೇ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಪಾಠದ ನಡುವೆ ಶಿಷ್ಯೆ ಮಹತಿ ನಕ್ಕುಬಿಟ್ಟಳು. “ಯಾಕ್ ಸಾರ್, ಮಧ್ಯೆ ಮಧ್ಯೆ ಮೃದಂಗನ ಊದ್ತೀರಾ? ಬಿಸಿ ಕಾಫಿ ಅಂದ್ಕೊಂಡ್ರಾ?”

“ನಾನೆಲ್ಲಮ್ಮಾ ಊದಿದೆ?”

ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕಿದಳು. ಆದಿತಾಳ ಎಲ್ಲಿಯೂ ಇರಲಿಲ್ಲ. ಟಕ್ ಟಕ್ ಟಕ್, ಒಂದು ಊದು. ಮತ್ತೆ ಟಕ್ ಟಕ್ ಟಕ್. ಮರ ಕೊರೆಯುತ್ತ ಪುಡಿ ಊದಿ ತೆಗೆಯುವ ಬಡಗಿಯ ಲಯ. ಕೊನೆಯಲ್ಲಿ ಯಾರೋ ಕೆಮ್ಮಿದರು. ಮುದುಕನ ಕೆಮ್ಮು.

“ಇದು ನಿಮ್ದಲ್ಲ ಸಾರ್,” ಎಂದಳು ಮಹತಿ. ಈಗ ಅವಳು ನಗುತ್ತಿರಲಿಲ್ಲ.

ಶೇಷಗಿರಿ ಬಲಗೈ ನೋಡಿಕೊಂಡರು. ಏನನ್ನೋ ಹಿಡಿದಂತೆ ಬೆರಳುಗಳು ಮಡಚಿದ್ದವು. ಎಡಗೈಯಿಂದ ಬಿಡಿಸಿದರು, ಮತ್ತೆ ಮಡಚಿಕೊಂಡವು. ಆ ಕೈ ತಪ್ಪಿದರೆ ಅವರಿಗೆ ಅನ್ನವೂ ಇಲ್ಲ, ಹೆಸರೂ ಇಲ್ಲ.

ಮಧ್ಯಾಹ್ನವೇ ಉಳಿ ಹಿಡಿದು ಬಾಗಲೂರಿಗೆ ಓಡಿದರು. ದ್ರೌಪದಮ್ಮ ಉಳಿಯನ್ನು ನೋಡಲಿಲ್ಲ, ಅವರ ಕೈಯನ್ನೇ ನೋಡಿದರು.

“ನಮ್ಮೆಜಮಾನ್ರೂ ಇಂಗೇ ಎಬ್ಬೆಟ್ಟು ಮಡಚ್ಕಂಡು ನಿಂತ್ಕತಿದ್ರು.” ಸೆರಗಿನಿಂದ ಕಣ್ಣೊರೆಸಿಕೊಂಡರು. “ದಿನ ಮೀರಿ ಅವ್ರ ಕೈ ನಿಮ್ ಕೈಯಾಗೆ ಸೇರ್ಕಂಡದೆ. ಈಗ ಸುಟ್ರೆ ಆ ಕೈಯಾಗಿರೋ ನಿಮ್ ವಿದ್ಯೆನೂ ಜೊತೇಗೆ ಓಯ್ತದೆ ಸಾಮಿ. ಸುಡ್ದಿದ್ರೆ ನೀವೇ ಮಿಗಾಕಿಲ್ಲ. ಏನ್ಮಾಡ್ಲಿ, ಯೋಳಿ.”

ಶೇಷಗಿರಿ ಉತ್ತರ ಕೊಡಲು ಬಾಯಿ ತೆರೆದರು. ಬಂದದ್ದು ಆ ಮುದುಕನ ಕೆಮ್ಮು. ಕೈಯಿಂದಲೇ ಒಲೆ ತೋರಿಸಿದರು.

ದ್ರೌಪದಮ್ಮ ಅಲಗು ಬಿಡಿಸಿ, ಹಿಡಿಯನ್ನು ಬಚ್ಚಲ ಒಲೆಗೆ ಹಾಕಿದರು. ಒಣಮರ, ತಕ್ಷಣ ಹೊತ್ತಿಕೊಂಡಿತು. ಬೀಗ ಹಾಕಿದ್ದ ಕೆಲಸದ ಕೊಟ್ಟಿಗೆಯೊಳಗೆ ಯಾರೋ ಒಮ್ಮೆ ಉದ್ದಕ್ಕೆ ಊದಿದರು. ಶೇಷಗಿರಿಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಊದುವುದು, ಕೆಮ್ಮುವುದು ಅಂದೇ ನಿಂತಿತು. ಆ ಕೈಯಲ್ಲಿ ಈಗ ಲೋಟ ಎತ್ತಬಹುದು, ತುತ್ತು ಕಲಸಬಹುದು. ಮೃದಂಗದ ಮೇಲಿಟ್ಟರೆ ಒಂದು ಸೊಲ್ಲೂ ಹುಟ್ಟುವುದಿಲ್ಲ. ಕಚೇರಿಗಳು ಹೋದವು, ಪಾಠ ಹೋಯಿತು. ಜೀವ ಒಂದು ದಕ್ಕಿತು.