ಪಾಠ ಎಲ್ಲಿ ನಿಲ್ಲಬೇಕು

ಬೈಬಲನ್ನು ಒಮ್ಮೆಯೂ ಓದದವಳ ಕೈಗೆ ಅದನ್ನು ದಿನದಿನಕ್ಕೆ ಹಂಚುವ ಕೆಲಸ ಬಂದದ್ದು ಹೇಗೆಂದರೆ, ಕನ್ನಡ ಟೈಪು ಮಾಡಲು ಬರುವ ಪ್ರೋಗ್ರಾಮರುಗಳು ಪುಣೆಯಲ್ಲಿ ಬೀದಿಗೊಬ್ಬರಂತೆ ಸಿಗುವುದಿಲ್ಲ. ಶಿವಾನಿಗೆ ಬರುತ್ತಿತ್ತು. ವಿಜಯಪುರದ ಕಡೆಯವಳು, ಮನೆಯಲ್ಲಿ ಲಿಂಗಪೂಜೆ. ಅವಳು ಕೆಲಸಕ್ಕಿದ್ದ ಖರಾಡಿಯ ಸಣ್ಣ ಕಂಪನಿಗೆ ಬೈಬಲ್ ಅಧ್ಯಯನದ ಸಾಫ್ಟ್‌ವೇರಿನಲ್ಲಿ ಕನ್ನಡದ ನಿತ್ಯಪಾಠದ ವೇಳಾಪಟ್ಟಿ ಬೇಕಾದಾಗ ಅದು ನೇರ ಅವಳ ಮೇಜಿಗೆ ಬಂದು ಬಿತ್ತು. ದಿನಕ್ಕೊಂದು ಸಾಲು. ಸಾಲಿನಲ್ಲಿ ಮೊದಲು ತಾರೀಕು, ಆಮೇಲೆ ಪುಸ್ತಕದ ಹೆಸರು, ಅಧ್ಯಾಯ, ಎಷ್ಟನೇ ವಚನದಿಂದ ಎಷ್ಟನೇ ವಚನದವರೆಗೆ ಎಂಬ ಅಂಕಿ. ಇಡೀ ವರ್ಷಕ್ಕೆ ಹಾಗೆ ಜೋಡಿಸಿ ಕೊಟ್ಟರೆ, ಬೆಳಿಗ್ಗೆ ಫೋನ್ ತೆರೆದವರಿಗೆ ಅಂದಿನ ಪಾಠ ತಾನಾಗಿ ಕಾಣುತ್ತದೆ.

ಮ್ಯಾನೇಜರ್ ಕಾರ್ತಿಕ ಬೆಂಗಳೂರಿನವನು. "ಎಲ್ಲಾ ದಿನಾನೂ ಈಕ್ವಲ್ ಆಗಿರ್ಲಿ ಶಿವಾನಿ. ಹತ್ತು ನಿಮಿಷ ದಾಟಿದ್ರೆ ಜನ ಆ್ಯಪ್ ಡಿಲೀಟ್ ಮಾಡ್ತಾರೆ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳು ಒಂದು ಪುಟ್ಟ ಪ್ರೋಗ್ರಾಂ ಬರೆದು, ವಚನಗಳನ್ನು ಎಣಿಸಿ ಸಮನಾಗಿ ಕತ್ತರಿಸಲು ಬಿಟ್ಟಳು. ವಡಾಪಾವ್ ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ವರ್ಷವೆಲ್ಲ ತುಂಡಾಗಿ ಸಾಲುಗಟ್ಟಿತ್ತು. ಕತ್ತರಿ ಎಲ್ಲೆಲ್ಲಿ ಬಿದ್ದಿದೆ ಎಂದು ಕಣ್ಣಾಡಿಸಿ ನೋಡುವಷ್ಟು ವ್ಯವಧಾನ ಈ ಜಾಣೆಗೆ ಇರಲಿಲ್ಲ.

ಬಿಡುಗಡೆಗೆ ಮುಂಚೆ ಯಾರಾದರೂ ದಿನವೂ ಓದಿ ನೋಡಬೇಕಲ್ಲ. ಅಪಾರ್ಟ್‌ಮೆಂಟಿನ ಎದುರುಮನೆಯಲ್ಲೇ ಪ್ರೇಮಕುಮಾರ ಇದ್ದರು, ಅವರ ಫೋನಿಗೆ ಹಾಕಿಕೊಟ್ಟಳು. ಬೀದರಿನ ಕ್ರೈಸ್ತರು, ಮಗರಪಟ್ಟಾದ ಒಂದು ಆಫೀಸಿನಲ್ಲಿ ಅಕೌಂಟೆಂಟ್. ಹೆಂಡತಿ ತೀರಿಕೊಂಡ ಮೇಲೆ ಹತ್ತನೇ ತರಗತಿಯ ಮಗಳು ಅಪೇಕ್ಷಾಳನ್ನು ಒಬ್ಬರೇ ಸಾಕುತ್ತಿದ್ದರು. ತುಂಬ ಒಳ್ಳೆಯ ಮನುಷ್ಯ, ಆದರೆ ಒಂದು ಹುಚ್ಚಿತ್ತು. ಅಂದಿನ ಪಾಠದ ಕೊನೆಯ ಸಾಲು ಅವರಿಗೆ ಅಂದಿನ ಅಪ್ಪಣೆ. ಸ್ಕೂಟರ್ ಕೊಂಡದ್ದೂ ಹಾಗೆ, ಮನೆ ಬದಲಿಸಿದ್ದೂ ಹಾಗೆ. ಕೊನೆಯಲ್ಲಿ ಪ್ರವಾಹವೋ ಬರಗಾಲವೋ ಬಂದರೆ ಅಂದು ಒಂದು ಶರ್ಟನ್ನೂ ಕೊಳ್ಳುತ್ತಿರಲಿಲ್ಲ. ಅಪೇಕ್ಷಾ ಇದನ್ನು ಹೇಳಿದಾಗ ಶಿವಾನಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅದೇ ಅಪೇಕ್ಷಾಳ ಫೋನ್ ಬಂತು. ಹುಡುಗಿಯ ಹೃದಯದ ಕವಾಟ ಸರಿಪಡಿಸಲು ಮರುದಿನ ಆಪರೇಷನ್ ಗೊತ್ತಾಗಿತ್ತು. ಅವಳು ಆಸ್ಪತ್ರೆಯಿಂದಲೇ ಮಾತಾಡುತ್ತಿದ್ದಳು.

"ಅಕ್ಕಾ, ಪಪ್ಪಾ ಫಾರ್ಮಿಗೆ ಸಹಿ ಮಾಡವಲ್ರು. ಡಾಕ್ಟರ್ ಸಂಜೀತನಕಾ ಕಾಯ್ತಾರಂತ, ಆಮ್ಯಾಲೆ ನನ್ನ ಪಾಳಿ ಬ್ಯಾರೇದವರಿಗೆ ಕೊಡ್ತಾರಂತ. ಎರಡ ಮೆಟ್ಟಲ ಹತ್ತಿದ್ರ ದಮ್ ಹತ್ತತದ ಅಕ್ಕಾ. ಇನ್ನ ಎಷ್ಟ ದಿನಾ ಹಿಂಗ?"

"ಯಾಕ ಮಾಡವಲ್ರಂತ?"

"ಇವತ್ತಿನ ಪಾಠ ತಗದು ನೋಡು."

ಶಿವಾನಿ ನೋಡಿದಳು. ಸಾಯುತ್ತಿರುವ ಮಗಳನ್ನು ಉಳಿಸಿಕೊಡು ಎಂದು ಒಬ್ಬ ತಂದೆ ಯೇಸುವಿನ ಕಾಲಿಗೆ ಬೀಳುತ್ತಾನೆ. ಅವನ ಮನೆಗೆ ಹೊರಟಿರುವಾಗ ದಾರಿಯಲ್ಲಿ ಜನ ಎದುರು ಬಂದು, ಮಗಳು ಹೋಗಿಬಿಟ್ಟಳು, ಇನ್ನು ಗುರುಗಳಿಗೆ ಸುಮ್ಮನೆ ತೊಂದರೆ ಕೊಡಬೇಡ ಎನ್ನುತ್ತಾರೆ. ಪಾಠ ಅಲ್ಲಿಗೆ ಮುಗಿದಿತ್ತು. ಮಗಳು ಬದುಕುವ ಉಳಿದ ಕಥೆ ಶುಕ್ರವಾರದ ಸಾಲಿಗೆ ಹೋಗಿತ್ತು.

ಶಿವಾನಿಯ ಅವ್ವ ನಾಗವ್ವ ಶ್ರಾವಣದಲ್ಲಿ ಪುರಾಣ ಓದುವಾಗ, ಯಾರಾದರೂ ಸತ್ತ ಕಡೆ, ಸೆರೆ ಸಿಕ್ಕ ಕಡೆ ಎಂದೂ ಪುಸ್ತಕ ಮುಚ್ಚಿದವಳಲ್ಲ. ಒಲೆಯ ಮೇಲೆ ಸಾರು ಸೀದರೂ ಸರಿ, ಕಥೆಯಲ್ಲಿ ಒಳ್ಳೆಯದಾಗುವವರೆಗೆ ಓದಿಯೇ ಏಳುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವಳು ಇದನ್ನು ಯಂತ್ರದ ಎಣಿಕೆಗೆ ಒಪ್ಪಿಸಿ ಕೈತೊಳೆದುಕೊಂಡಿದ್ದಳು. ಶಿವಾನಿ ನಾಚಿಕೆಯಿಂದ ಕುಗ್ಗಿಹೋದಳು. ಲ್ಯಾಪ್‌ಟಾಪ್ ಎತ್ತಿಕೊಂಡು ರಿಕ್ಷಾ ಹಿಡಿದಳು.

ಪ್ರೇಮಕುಮಾರ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಸಹಿಯಿಲ್ಲದ ಫಾರ್ಮು.

"ಕಾಕಾ, ಪಾಠ ಅಲ್ಲಿ ಕಡದಾಕಿ ನಾನು," ಎಂದಳು ಶಿವಾನಿ, ಏದುಸಿರು ಬಿಡುತ್ತ. "ದಿನಕ್ಕ ಇಷ್ಟ ವಚನ ಅಂತ ಕಂಪ್ಯೂಟರಿಗೆ ಹೇಳಿದ್ದೆ. ಅದು ಎಣಿಸಿ ಕಡದು ಒಗೀತು. ಪೂರಾ ನಂದ ತಪ್ಪು. ಮುಂದ ಓದ್ರಿ, ಆಕಿ ಬದುಕತಾಳಂತಲ್ಲ?"

"ಕಥಿ ನನಗ ಗೊತ್ತಿಲ್ಲೇನವಾ? ಸಣ್ಣಾವ ಇದ್ದಾಗಿಂದ ಕೇಳೀನಿ," ಎಂದರು ಅವರು. "ಆದ್ರ ಇವತ್ತ ನನಗ ಬಂದದ್ದು ಇಷ್ಟ. ನಿನ್ನ ಕೈಲೆ ಕಡಿಸಿದಾವನೂ ಆ ದೇವರ ಇರಬೇಕು."

ಶಿವಾನಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಆಮೇಲೆ ಅವರು ಫಾರ್ಮಿನ ಮೂಲೆಯನ್ನು ಮಡಿಸುತ್ತ ಬಿಡಿಸುತ್ತ ಕೂತಿರುವುದು ಕಂಡಿತು. ಹೆಂಡತಿಯನ್ನು ಇಂಥದೇ ಒಂದು ವಾರ್ಡಿನಲ್ಲಿ ಕಳೆದುಕೊಂಡ ಮನುಷ್ಯ. ಹೆದರಿಕೆಗೆ ಒಂದು ನೆಪ ಬೇಕಿತ್ತು, ಅದನ್ನು ಇವಳೇ ಅಚ್ಚುಕಟ್ಟಾಗಿ ಜೋಡಿಸಿ ಕೊಟ್ಟಿದ್ದಳು. ವಾದ ಮಾಡಿ ಗೆಲ್ಲುವ ಮಾತಲ್ಲ ಎಂದುಕೊಂಡು, ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು.

"ಆತು ಬಿಡ್ರಿ. ಆದ್ರ ಮುಂದ ಇದು ಸಾವಿರ ಮಂದಿ ಕೈಗೆ ಹೋಗ್ತದ, ನನ್ನ ತಪ್ಪು ನಾ ತಿದ್ದಬೇಕಲ್ಲ. ಎಲ್ಲಿ ನಿಲ್ಲಿಸ್ಲಿ, ನೀವ ಹೇಳ್ರಿ. ದಾರಿ ಮ್ಯಾಲೇ ಒಂದೆರಡ ವಚನ ಬಿಟ್ಟು ನಿಲ್ಲಿಸ್ಲ್ಯಾ?"

"ದಾರಿ ಮ್ಯಾಲೆ ಹೆಂಗ ನಿಲ್ಲಸ್ತಿ? ಅಂವಾ ಮನಿ ಮುಟ್ಟಬೇಕಲ್ಲ."

"ಮನಿ ಮುಟ್ಟಿದ್ರು. ಎಲ್ಲಾರೂ ಅಳಾಕ ಹತ್ಯಾರ. ಇಲ್ಲಿ?"

"ಛೇ! ಅಳೋ ಮಂದೀನ್ನ ಹೊರಗ ಕಳಿಸ್ತಾನ ಅಂವಾ. ಮುಂದ ನಡಿ."

"ಹುಡುಗಿ ಕೈ ಹಿಡದಾ. ಆಕಿ ಎದ್ದು ಅಡ್ಡ್ಯಾಡಿದಳು. ಮುಗೀತಲ್ರಿ, ಇಲ್ಲಿ ನಿಲ್ಲಸ್ತೀನಿ."

"ತಡಿ, ತಡಿ." ಪ್ರೇಮಕುಮಾರ ಕನ್ನಡಕ ಮೇಲೇರಿಸಿ ಪರದೆಯ ಕಡೆಗೆ ಬಾಗಿದರು. ಇನ್ನೂ ಒಂದು ವಚನವಿತ್ತು. ಅದನ್ನು ಓದುತ್ತ ಅವರ ತುಟಿ ಅಲುಗಿತು. "ಆಕಿಗೆ ಉಣ್ಣಾಕ ಏನರ ಕೊಡ್ರಿ ಅಂತಾನ. ಅದನ್ನ ಬಿಡಬ್ಯಾಡವಾ. ಅದನ್ನ ಹೇಳಿದ ಮ್ಯಾಲೆ ನಿಲ್ಲಸು."

ಶಿವಾನಿ ಅಂಕಿ ಬದಲಿಸಿ ಉಳಿಸಿದಳು. ಅವರ ಫೋನಿನಲ್ಲಿ ಅಂದಿನ ಪಾಠ ಉದ್ದವಾಯಿತು. ಪ್ರೇಮಕುಮಾರ ಅದನ್ನು ಮೊದಲಿನಿಂದ ಓದತೊಡಗಿದರು, ಸಣ್ಣಗೆ, ಬಾಯಿಬಿಟ್ಟು. ಕಣ್ಣೀರು ಮೂಗಿನ ತುದಿಯವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಹೋಗಿಬರುವವರು ನೋಡುತ್ತಿದ್ದರು. ಶಿವಾನಿಗೂ ಅಳು ಬಂತು, ಅವಳೂ ಅತ್ತಳು.

ಓದು ಮುಗಿದ ಮೇಲೆ ಅವರು ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದರು. ಎದ್ದು ಕೌಂಟರಿಗೆ ಹೋಗಿ ನರ್ಸಿನ ಮುಂದಿಟ್ಟರು. ಆಕೆ ಅದನ್ನು ತೆಗೆದುಕೊಂಡ ಮೇಲೂ ಅಲ್ಲೇ ನಿಂತಿದ್ದರು.

"ಇನ್ನೇನು ಬೇಕಿತ್ತು?" ಎಂದು ನರ್ಸು ಮರಾಠಿಯಲ್ಲಿ ಕೇಳಿದಳು.

"ಸಿಸ್ಟರ್," ಎಂದರು ಪ್ರೇಮಕುಮಾರ, ತಮಗೆ ಬರುವ ಮರಾಠಿಯಲ್ಲಿ, "ಆಪರೇಷನ್ ಆದ ಮೇಲೆ ನನ್ನ ಮಗಳಿಗೆ ಊಟ ಯಾವಾಗ ಕೊಡಬಹುದು? ಮೊಸರನ್ನ ನಡೆಯುತ್ತದೆಯೇ?"