ಆರಿಸುವವಳು

ಸಿಂಧೂರ ನಾಗಪುರದ ಸೀತಾಬರ್ಡಿಯ ಫುಟ್‌ಪಾತಿನಲ್ಲಿ ಟ್ಯಾರೋ ಕಾರ್ಡುಗಳ ಒಂದು ಕಟ್ಟು ಕೊಂಡು ತಂದಳು. ಅವಳ ಅಜ್ಜಿ, ಅಂದರೆ ನನ್ನ ಅತ್ತೆ, ಅದನ್ನು ಇಸ್ಪೀಟು ಎಂದುಕೊಂಡರು.

"ಇಸ್ಪೀಟ ಆಡಾಕ ಹತ್ತೀಯೇನ? ತಡಿ, ನಿಮ್ಮಪ್ಪ ಡ್ಯೂಟಿಯಿಂದ ಬರ್ಲಿ."

"ಆಟ ಅಲ್ಲ ಅಜ್ಜಿ. ಭವಿಷ್ಯ ಹೇಳೂ ಕಾರ್ಡ್ ಇವು."

"ಹಂಗಾರ ಹೇಳು. ಇವತ್ತ ನಳಕ್ಕ ನೀರು ಯಾವಾಗ ಬರ್ತಾವು?"

ಭವಿಷ್ಯ ಸಿಂಧೂರಳಿಗೂ ಬೇಕಿರಲಿಲ್ಲ. ಹನ್ನೊಂದನೇ ತರಗತಿಯ ಅವಳು ಗೆಳತಿ ಶರಯೂ ವಾನಖೇಡೆಯ ಜೊತೆ ಮಾಂಗಾ ಮಾಡುತ್ತಿದ್ದಳು. ಮಾಂಗಾ ಎಂದರೆ ಜಪಾನಿನ ಮಾದರಿಯ ಚಿತ್ರಕಥೆ. ಕಥೆ ಸಿಂಧೂರಳದು, ಚಿತ್ರ ಶರಯೂದು. ಪ್ರತಿ ಪಾತ್ರಕ್ಕೂ ಒಂದು ಟ್ಯಾರೋ ಕಾರ್ಡು. ಕಾರ್ಡಿನ ಚಿತ್ರದಲ್ಲಿ ಏನು ಕಾಣುತ್ತದೋ ಅದೇ ಆ ಪಾತ್ರದ ಶಕ್ತಿ. ಗೋಪುರದ ಕಾರ್ಡಿನವನು ಸಿಡಿಲು ಬೀಳಿಸುತ್ತಾನೆ. ತಲೆಕೆಳಗಾಗಿ ನೇತಾಡುವವನ ಕಾರ್ಡಿನವನು ಬೀದಿಗಳನ್ನೇ ಮಗುಚಿಹಾಕುತ್ತಾನೆ. ನಾಯಕಿಗೆ ಮಾತ್ರ ಇನ್ನೂ ಶಕ್ತಿ ಸಿಕ್ಕಿರಲಿಲ್ಲ.

ಭಾನುವಾರದೊಳಗೆ ಸಿಗದಿದ್ದರೆ ಕಥೆಯನ್ನು ಪುಣೆಯಲ್ಲಿರುವ ತನ್ನ ಮಾವನ ಮಗನಿಂದ ಬರೆಸುತ್ತೇನೆ ಎಂದು ಶರಯೂ ಹೇಳಿಬಿಟ್ಟಿದ್ದಳು. ಅವನ ಬಳಿ ನಾಯಕ ಸಿದ್ಧನಿದ್ದ. ಸಾವಿನ ಕಾರ್ಡಿನವನು. ಬೆರಳು ತೋರಿಸಿದರೆ ಸಾಕು, ಎದುರಿನವರು ಮುಗಿದರು.

"ಕಾಕು, ಅವನ ಐಡಿಯಾ ನಂದಕ್ಕಿಂತ ಚಲೋ ಐತೇನ?" ಎಂದು ಸಿಂಧೂರ ನನ್ನನ್ನು ಕೇಳಿದಳು. ಕೇಳಿ ನಾಲಿಗೆ ಕಚ್ಚಿಕೊಂಡಳು. ನಾನು ಅವಳ ಚಿಕ್ಕಪ್ಪನ ಹೆಂಡತಿ. ಅವರು ತೀರಿಕೊಂಡ ಮೇಲೆ ಅಜನಿಯ ಈ ರೈಲ್ವೆ ಕ್ವಾರ್ಟರ್ಸಿನಲ್ಲಿ, ಭಾವನ ಮನೆಯಲ್ಲಿ ಇದ್ದೇನೆ.

"ಎಲ್ಲಾರೂ ಸತ್ತರ ಮುಂದಿನ ಪುಟದಾಗ ಯಾರ ಇರ್ತಾರ?" ಎಂದೆ.

ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು.

ಶನಿವಾರ ಮಧ್ಯಾಹ್ನ ಕೂಲರ್ ಗುರ್ರೆನ್ನುತ್ತಿತ್ತು. ನೆಲದ ಮೇಲೆ ಹರಡಿದ್ದ ಕಾರ್ಡುಗಳು ಅದರ ಗಾಳಿಗೆ ಹಾರಿ ಮಂಚದ ಕೆಳಗೆ ಹೋಗುತ್ತಿದ್ದವು. ಸಿಂಧೂರ ಎಲ್ಲವನ್ನೂ ಬಾಚಿ ಬೀಸಣಿಗೆಯಂತೆ ಹಿಡಿದು ಅಡುಗೆಮನೆಗೆ ಹೋದಳು.

"ಅಜ್ಜಿ, ಜಲ್ದಿ ಒಂದು ಆರಿಸು."

ಅತ್ತೆ ಕುದಿಯುವ ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. "ಆರಿಸಾಕ ಹತ್ತೀನಲ್ಲ. ಕಾಣವಲ್ದೇನ?"

"ಚಹಾ ಅಲ್ಲ, ಕಾರ್ಡ್!"

"ಕಾರ್ಡ್ ಏನ ಆರಿಸೂದು? ಬಿಸಿ ಅದಾವೇನ ಅವು?"

ಸಿಂಧೂರ ಹಣೆ ಬಡಿದುಕೊಂಡಳು. ಅಷ್ಟರಲ್ಲಿ ಅತ್ತೆಯ ಕಣ್ಣು ಒಂದು ಕಾರ್ಡಿನ ಮೇಲೆ ಬಿತ್ತು. "ತಡಿ ತಡಿ. ಈಕಿನೂ ಆರಿಸಾಕ ಹತ್ಯಾಳ ನೋಡು."

ಅದು ಸಂಯಮದ ಕಾರ್ಡು. ರೆಕ್ಕೆಯಿರುವ ಒಂದು ಆಕೃತಿ, ಎರಡು ಕೈಯಲ್ಲಿ ಎರಡು ಬಟ್ಟಲು, ಒಂದರಿಂದ ಇನ್ನೊಂದಕ್ಕೆ ಹರಿಯುವ ಧಾರೆ. ಸಂಯಮ ಇಟ್ಟುಕೊಂಡು ಯಾರ ಜೊತೆ ಹೊಡೆದಾಡುವುದು ಎಂದು ಸಿಂಧೂರ ಅದನ್ನು ಎಂದೋ ಬದಿಗಿಟ್ಟಿದ್ದಳು.

"ಗಂಡಗ ಚಹಾ ಆರಿಸಿ ಕೊಡಾಕ ಹತ್ಯಾಳ," ಎಂದರು ಅತ್ತೆ. "ಒಂದು ಕಾಲು ನೀರಾಗ ಬ್ಯಾರೆ ಇಟ್ಟಾಳ. ಶ್ಯಾಣ್ಯಾಕಿ. ಈ ಊರಿನ ಬಿಸಲಿಗೆ ಹಂಗ ಮಾಡಬೇಕು."

ಸಿಂಧೂರ ಓಡಿಬಂದಳು. "ಕಾಕು, ಆರಿಸು ಅಂದ್ರ ಆಯ್ಕೊಳ್ಳೂದು ಅಲ್ಲೇನ?"

"ಅದೂ ಹೌದು. ಬಿಸಿ ಇದ್ದದ್ದನ್ನ ಆರಿಸಬಹುದು. ಹಸಿ ಅರಿವಿ ಆರಿಸಬಹುದು. ಅಕ್ಕ್ಯಾಗಿನ ಹಳ್ಳು ಆರಿಸಬಹುದು. ಉರಿಯೂದನ್ನೂ ಆರಿಸಬಹುದು."

"ಎಲ್ಲಾದಕ್ಕೂ ಒಂದ ಶಬ್ದ?"

"ಒಂದ."

ಅವಳು ಕೋಣೆಯಲ್ಲಿ ಎರಡು ಸುತ್ತು ಹಾಕಿದಳು. "ಅಂದ್ರ ನಮ್ಮ ನಾಯಕಿ ಕೈ ಎತ್ತಿ 'ಆರಿಸು' ಅಂತಾಳ. ಯಾವ ಅರ್ಥ ಹತ್ತತೈತಿ ಆಕಿಗೂ ಗೊತ್ತಿರೂದಿಲ್ಲ! ಗೋಪುರದಾಂವ ಮಳ್ಯಾಗ ತೊಯ್ಸ್ಕೊಂಡು ಸಿಡಿಲು ಹಿಡ್ಕೊಂಡು ಬರ್ತಾನ. ಈಕಿ 'ಆರಿಸು' ಅಂತಾಳ. ಸಿಡಿಲು ಹಂಗ ಇರ್ತೈತಿ, ಅವನ ಪ್ಯಾಂಟ್ ಒಣಗತೈತಿ."

"ಆಮ್ಯಾಲೆ?"

"ಆಂವ ಥ್ಯಾಂಕ್ಸ್ ಅಂತಾನ!"

ನನಗೆ ನಗು ಬಂತು. ಸದ್ದಾಗಿಯೇ ಬಂತು. ಅತ್ತೆ ಬಾಗಿಲಿಗೆ ಬಂದು ಇಣುಕಿದರು. ನಗುವನ್ನು ನೋಡಿಯೂ ನೋಡದವರಂತೆ, "ದೀಪಕ್ಕ ಮಾತ್ರ ಆರಿಸು ಅನಬ್ಯಾಡ್ರಿ," ಎಂದರು. "ದೀಪ ಶಾಂತ ಮಾಡು ಅನಬೇಕು."

ಸಿಂಧೂರ ನಿಂತಳು. "ಇದು ರೂಲ್. ದೀಪದ ಮ್ಯಾಲೆ, ಜೀವದ ಮ್ಯಾಲೆ ಆಕಿ ಆ ಶಬ್ದ ಹಚ್ಚೂದಿಲ್ಲ. ಹಚ್ಚಾಕ ಬರ್ತೈತಿ. ಆದ್ರ ಹಚ್ಚೂದಿಲ್ಲ." ಎಂದವಳು ನನ್ನ ಕಡೆ ತಿರುಗಿದಳು.

"ಬರೋಬರ್ ಐತಿ," ಎಂದೆ.

ಶಕ್ತಿಯ ಹೆಸರನ್ನು ನಾಗರಿ ಅಕ್ಷರದಲ್ಲಿ ಬರೆದು ಆಗಲೇ ಶರಯೂಗೆ ಕಳಿಸಿದಳು. ವಿವರವನ್ನು ಎದುರಿಗೇ ಹೇಳಿ ಬೆಚ್ಚಿಬೀಳಿಸಬೇಕೆಂದು ಬೇರೇನೂ ಬರೆಯಲಿಲ್ಲ. ಅದೇ ತಪ್ಪಾಯಿತು.

ಭಾನುವಾರ ಶರಯೂ ಚಿತ್ರ ಮುಗಿಸಿಕೊಂಡೇ ಬಂದಳು. ಗಾಳಿಗೆ ಹಾರುವ ಕೂದಲು, ದೊಡ್ಡ ಕಣ್ಣು, ಬೆನ್ನಿಗೆ ರೆಕ್ಕೆ. ಕೈಯಲ್ಲಿ ಆಳೆತ್ತರದ ಕನ್ನಡಿ.

"ಇದೇನ?" ಎಂದಳು ಸಿಂಧೂರ.

"ನೀನೇ ಬರೆದಿದ್ದೆಯಲ್ಲ, ಆರಸಾ ಅಂತ," ಎಂದು ಶರಯೂ ಮರಾಠಿಯಲ್ಲಿ ಹೇಳಿದಳು. ಮರಾಠಿಯಲ್ಲಿ ಆರಸಾ ಎಂದರೆ ಕನ್ನಡಿ. ಸಿಂಧೂರ ಕೈ ತಪ್ಪಿ 'ಆರಿಸು' ಎಂದು ಬರೆದಿದ್ದಾಳೆ ಎಂದುಕೊಂಡು ಶರಯೂ ತಾನೇ ತಿದ್ದಿ ಓದಿಕೊಂಡಿದ್ದಳು.

ಸಿಂಧೂರ ಎಲ್ಲವನ್ನೂ ವಿವರಿಸಿದಳು. ಶರಯೂ ಪ್ಯಾಂಟಿನ ಪ್ರಸಂಗಕ್ಕೆ ನಕ್ಕಳು, ಆದರೆ ಬೇಡವೆಂದು ತಲೆ ಆಡಿಸಿದಳು. "ಮಸ್ತ್ ಇದೆ. ಆದರೆ ಕನ್ನಡಿಯೇ ಇರಲಿ. ಸಿಡಿಲು ಬಿತ್ತು, ಕನ್ನಡಿ ಹಿಡಿದಳು, ವಾಪಸ್ ಹೋಯಿತು. ಎಲ್ಲರಿಗೂ ತಿಳಿಯುತ್ತದೆ. ನಿನ್ನ ಶಬ್ದ ನಾಗಪುರದಲ್ಲಿ ಯಾರಿಗೆ ಗೊತ್ತು? ನಿನಗಾದರೂ ನಿನ್ನೆಯವರೆಗೆ ಗೊತ್ತಿತ್ತೇ?"

ಇಂಥ ಹೊತ್ತಿನಲ್ಲಿ ಸಿಂಧೂರ 'ಆಯ್ತು ಬಿಡು' ಅನ್ನುತ್ತಾಳೆ. ಈ ಸಲ ಅನ್ನಲಿಲ್ಲ.

"ನಿನ್ನೆವರೆಗೆ ಗೊತ್ತಿರಲಿಲ್ಲ. ಈಗ ಗೊತ್ತು," ಎಂದಳು ಮರಾಠಿಯಲ್ಲೇ. "ಕನ್ನಡಿ ಯಾರಾದರೂ ಹಿಡಿಯುತ್ತಾರೆ. ಕನ್ನಡಿಯೇ ಬೇಕಾದರೆ ಪುಣೆಯವನ ಕೈಲಿ ಬರೆಸಿಕೋ."

ಶರಯೂ ಚಿತ್ರದ ಪುಸ್ತಕ ಮುಚ್ಚಿ ಎದ್ದಳು.

ಅತ್ತೆ ಚಹಾ ಹಿಡಿದುಕೊಂಡು ಬಾಗಿಲಿಗೆ ಅಡ್ಡ ಬಂದರು. "ಚಹಾ ಘೇ ಬಾಳಾ," ಎಂದು ತಮಗೆ ಬರುವ ಮರಾಠಿಯಲ್ಲಿ ಲೋಟ ಚಾಚಿದರು. ಶರಯೂ ಹಿಡಿದಳು, ಹಿಡಿದ ಕೂಡಲೇ ಬೆರಳು ಸುಟ್ಟುಕೊಂಡಳು.

"ಬಾಪ್ ರೇ, ಆಜಿ!"

"ಥಾಂಬ, ತಡಿ. ಆರಿಸಿ ಕೊಡ್ತೀನಿ."

ಅತ್ತೆ ಲೋಟವನ್ನು ತಲೆಯ ಮಟ್ಟಕ್ಕೆ ಎತ್ತಿದರು. ಇನ್ನೊಂದು ಲೋಟ ಸೊಂಟದ ಹತ್ತಿರ. ನಡುವೆ ಕೆಂಪು ಚಹಾದ ಧಾರೆ ಹಗ್ಗದಂತೆ ನಿಂತಿತು. ಕೈ ಅದಲುಬದಲಾಯಿತು. ಮತ್ತೆ ಹಗ್ಗ. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ.

ಶರಯೂ ಬಾಗಿಲಲ್ಲೇ ಕುಳಿತು ಪುಸ್ತಕ ತೆರೆದಳು. "ಪುನ್ಹಾ, ಆಜಿ. ಇನ್ನೊಮ್ಮೆ. ಸಾವಕಾಶ." ಪೆನ್ಸಿಲು ಓಡತೊಡಗಿತು. "ಸಿಂಧೂ, ಈ ಕೈ ಎತ್ತಿದಾಗ ಅವಳು ಏನು ಅನ್ನುತ್ತಾಳೆ? ಆರಿಸಾ?"

"ಆರಿಸು."

"ಆರಿಸು," ಎಂದು ಶರಯೂ ಬಾಯಿಪಾಠ ಮಾಡಿದಳು. ಪುಣೆಗೆ ಒಂದು ಫೋನೂ ಹೋಯಿತು. ನಿನ್ನ ಸಾವಿನ ಹುಡುಗನನ್ನು ಖಳನಾಯಕ ಮಾಡಿಕೊಳ್ಳುತ್ತೇವೆ, ಆದರೆ ಅವನು ಏನು ಮಾತಾಡಬೇಕೆಂದು ಸಿಂಧೂರ ಬರೆಯುತ್ತಾಳೆ ಎಂದು ಹೇಳಿ ಅವಳೇ ಇಟ್ಟುಬಿಟ್ಟಳು. ಸಿಂಧೂರ ಕೂಲರಿನ ಕಡೆ ಮುಖ ತಿರುಗಿಸಿ ನಿಂತಿದ್ದಳು. ಕಿವಿಯೆಲ್ಲ ಕೆಂಪಾಗಿತ್ತು.

ಇಷ್ಟು ಹೊತ್ತಿಗೆ ಚಹಾ ತಣ್ಣಗೆ ನೀರಾಗಿತ್ತು. ಅತ್ತೆ ಅದನ್ನು ಮತ್ತೆ ಒಲೆಯ ಮೇಲಿಟ್ಟು ಬಂದು, ಕನ್ನಡಕ ಏರಿಸಿ ಚಿತ್ರ ನೋಡಿದರು. ಎತ್ತಿದ ಕೈ ಅವರದೇ. ಬಳೆಗಳೂ ಅವರವೇ.

"ಎಲ್ಲಾ ಚಲೋ ಐತಿ," ಎಂದರು. "ರೆಕ್ಕಿ ಅಷ್ಟ ತಗಿ. ಚಹಾದಾಗ ಪುಕ್ಕ ಬೀಳ್ತಾವು."

ಸಿಂಧೂರ ಅದನ್ನು ಮರಾಠಿಗೆ ತಿರುಗಿಸಿ ಹೇಳಿದಳು. ಶರಯೂ ಒಂದು ಕ್ಷಣ ಯೋಚಿಸಿ, ರಬ್ಬರು ಎಲ್ಲಿದೆ ಎಂದು ಕೇಳಿದಳು.